ಅನಿಲ ಮತ್ತ ಸಿಕ್ಕಾನಂತ

ಜ್ವರ ಬಂದು ಹೋಗುವಾಗ ನನ್ನ ಮೂಗಿನ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಬರುತ್ತದೆ, ತಡೀರಿ ಅಂದರು ಡಾಕ್ಟರು. ಬರಲಿಲ್ಲ. ಮಲ್ಲಿಗೆಯೂ ಒಂದೇ, ಬಚ್ಚಲೂ ಒಂದೇ. ಅದಕ್ಕೆ ನಾನು ಹೇಗೋ ಹೊಂದಿಕೊಂಡೆ. ಹೊಂದಿಕೊಳ್ಳದವರು ನನ್ನ ಯಜಮಾನರು. ಒಂದು ಸಲ ಗಾಳಿಗೆ ಒಲೆ ಆರಿ ಗ್ಯಾಸು ಸೋರುತ್ತಿತ್ತು. ನಾನು ಅಲ್ಲೇ ನಿಂತು ಮೆಂತ್ಯೆಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದೆ. ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೂಗಿ ಹೇಳಬೇಕಾಯಿತು.

"ಅಡಗಿಯಾಕೀನ್ನ ಹಚ್ಚೂಣು. ಇಲ್ಲಂದ್ರ ಮಷೀನ್ ಕೂಡಸೂಣು. ಎರಡರಾಗ ಒಂದು ಹೇಳು," ಅಂದರು ಇವರು.

ಮದುವೆಯಾಗಿ ಬಂದಾಗಿನಿಂದ ಈ ಮಾಳಮಡ್ಡಿಯ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅಡುಗೆಮನೆ ಒಂದೇ. ಅಲ್ಲಿ ಇನ್ನೊಬ್ಬರ ಕೈಯಾಡುವುದನ್ನು ನಿಂತು ನೋಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಮಷೀನೇ ಬರಲಿ ಅಂದೆ.

ಬಂತು. ಗ್ಯಾಸು ಗಾಳಿಗಿಂತ ಭಾರವಂತೆ, ನೆಲದ ಗುಂಟ ಹರಡುತ್ತದಂತೆ. ಅದಕ್ಕೆ ಸಿಲಿಂಡರಿನ ಪಕ್ಕ, ಮೊಣಕಾಲೆತ್ತರದಲ್ಲಿ ಒಂದು ಬಿಳಿ ಡಬ್ಬಿ ಕೂರಿಸಿದರು. ಗ್ಯಾಸು ಸೋರಿದರೆ ಅದು ಕೂಗುತ್ತದೆ. ಕೂಗಿದ ಸುದ್ದಿಯನ್ನು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಮ್ಮ ಬಟ್ಟೆ ಅಂಗಡಿಯ ಗಲ್ಲೆಯ ಮೇಲೆ ಕೂತ ಯಜಮಾನರ ಫೋನಿಗೂ ಮುಟ್ಟಿಸುತ್ತದೆ. ಕನ್ನಡದಲ್ಲೇ ಮಾತಾಡುತ್ತದೆ ಅಂತ ಅವರಿಗೆ ಹೆಮ್ಮೆ ಬೇರೆ.

ಮರುದಿನ ಬೇಳೆಗೆ ಒಗ್ಗರಣೆ ಹಾಕಿದೆ. ಇಂಗು ಬಿದ್ದದ್ದೇ ತಡ, ಡಬ್ಬಿ ಕಿರುಚಿಕೊಂಡಿತು. "ಅನಿಲ ಸೋರಿಕೆ ಪತ್ತೆಯಾಗಿದೆ! ಅನಿಲ ಸೋರಿಕೆ ಪತ್ತೆಯಾಗಿದೆ!"

ಪಡಸಾಲೆಯಲ್ಲಿ ಕೂತಿದ್ದ ಅತ್ತೆಗೆ ಕಿವಿ ಸ್ವಲ್ಪ ಮಂದ. "ಯಾವ ಅನಿಲ? ಎಲ್ಲಿ ಹೋಗಿದ್ದನಂತ?" ಅಂತ ಕೇಳಿದರು.

ನಮ್ಮ ಓಣಿಯಲ್ಲಿ ಗ್ಯಾಸಿಗೆ ಅನಿಲ ಅನ್ನುವವರು ಒಬ್ಬರೂ ಇಲ್ಲ. ಗ್ಯಾಸ್ ಬಂತು, ಗ್ಯಾಸ್ ತೀರಿತು, ಗ್ಯಾಸ್ ಬಂದ್ ಮಾಡು, ಇಷ್ಟೇ ಮಾತು. ಅನಿಲ ಅಂದರೆ ಯಾರದೋ ಮಗ. ಅವನು ಪತ್ತೆಯಾಗಿದ್ದಾನೆ ಅಂದರೆ ಅದಕ್ಕೂ ಮೊದಲು ಎಲ್ಲೋ ಕಳೆದುಹೋಗಿರಬೇಕು. ನಾನು ಬಿಡಿಸಿ ಹೇಳಿದೆ. ಹೂಂ ಅಂದರು. ಮರುದಿನ ಡಬ್ಬಿ ಕೂಗಿದಾಗ, "ಅನಿಲ ಮತ್ತ ಸಿಕ್ಕಾನಂತ ನೋಡವಾ," ಅಂದರು. ಖರೇ ಮರೆತಿದ್ದರೋ, ನನ್ನನ್ನು ಕಾಡಿಸುತ್ತಿದ್ದರೋ, ಇವತ್ತಿಗೂ ತಿಳಿದಿಲ್ಲ.

ಡಬ್ಬಿ ಸುಮ್ಮನಾಗುವುದರೊಳಗೆ ಯಜಮಾನರ ಫೋನು. "ಏನ್ ಮಾಡಾಕತ್ತೀ?"

"ಒಗ್ಗರಣಿ ಹಾಕಾಕತ್ತೇನ್ರಿ."

ಮೆಣಸಿನಕಾಯಿ ಹುರಿದರೆ ಫೋನು, ಚುರುಮುರಿ ಒಗ್ಗರಣೆಗೆ ಫೋನು. ಮನೆಯಲ್ಲಿ ಏನು ಅಡುಗೆ ಅನ್ನುವುದು ನಾನು ಒಲೆಯಿಂದ ಇಳಿಸುವ ಮೊದಲೇ ದುರ್ಗದಬೈಲಿಗೆ ಗೊತ್ತಾಗುತ್ತಿತ್ತು. ಡಬ್ಬಿ ಕೂರಿಸಿದವನಿಗೆ ಹೇಳಿದರೆ, "ಒಗ್ಗರಣಿ ಹಗುರಕ ಹಾಕ್ರಿ ಅಕ್ಕಾರ," ಅಂದ. ಹಗುರಕೆ ಹಾಕಿದರೆ ಅದು ಒಗ್ಗರಣೆಯೇ? ಇವನ ಮನೆಯಲ್ಲಿ ಏನು ಉಣ್ಣುತ್ತಾರೋ. ಅತ್ತ ಅಂಗಡಿಯಲ್ಲಿ ಗಿರಾಕಿಗಳು ನಗತೊಡಗಿದ್ದಕ್ಕೆ ಯಜಮಾನರು ಫೋನಿನ ದನಿಯನ್ನೇ ಬಂದ್ ಮಾಡಿಟ್ಟರು. ನನಗೆ ಅಂಥ ಗುಂಡಿಯನ್ನು ಯಾರೂ ಕೊಡಲಿಲ್ಲ.

ಒಂದು ದಿನ ಬೆಳಿಗ್ಗೆ ಬದನೆಕಾಯಿ ಪಲ್ಯಕ್ಕೆ ಒಗ್ಗರಣೆ ಹಾಕಿ ಮುಗಿಸಿ, ಆ ಒಲೆ ಆರಿಸಿ, ಇನ್ನೊಂದರ ಮೇಲೆ ಹಾಲಿಟ್ಟಿದ್ದೆ. ಹೊರಗೆ ನಳ ಬಂತು. ನಳ ಬಂತೆಂದರೆ ನಮ್ಮಲ್ಲಿ ಉಳಿದ ಕೆಲಸವೆಲ್ಲ ನಿಂತಂತೆ. ಅಂಗಳಕ್ಕೆ ಓಡಿ ಕೊಡಕ್ಕೆ ಪೈಪು ಹಚ್ಚಿದೆ. ಒಳಗೆ ಡಬ್ಬಿ ಕೂಗಿತು. ಪಲ್ಯದ ಹೊಗೆ ಇನ್ನೂ ಹೋಗಿಲ್ಲ, ಒದರಿಕೊಳ್ಳಲಿ ಅಂದುಕೊಂಡೆ.

"ಅನಿಲ ಮತ್ತ ಸಿಕ್ಕಾನಂತ!" ಅತ್ತೆ ಒಳಗಿನಿಂದ ಕೂಗಿದರು.

"ಸಿಗಲಿ ಬಿಡ್ರಿ ಅತ್ತಿ!"

ಎರಡನೆಯ ಕೊಡ ತುಂಬುವಾಗಲೂ ಅದು ಕೂಗುತ್ತಲೇ ಇತ್ತು. ಆಮೇಲೆ ಅತ್ತೆಯ ದನಿ ಬಂತು. ಆ ದನಿ ಬೇರೆ ಇತ್ತು.

"ಯವ್ವಾ, ಲಗೂನ ಬಾ! ಗ್ಯಾಸ್ ವಾಸನಿ ಹೊಡ್ಯಾಕತ್ತೈತಿ!"

ಹಾಲು ಉಕ್ಕಿ ಒಲೆ ಆರಿಹೋಗಿತ್ತು. ನಮ್ಮ ದೇವರ ಜಗಲಿ ಇರುವುದು ಅಡುಗೆಮನೆಯ ಮೂಲೆಯಲ್ಲೇ. ದೀಪ ಹಚ್ಚಲು ಹೋದ ಅತ್ತೆ ಜಗಲಿಯ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ಕಡ್ಡಿಪೆಟ್ಟಿಗೆ, ಇನ್ನೊಂದರಲ್ಲಿ ಕಡ್ಡಿ. ಗೀರಿರಲಿಲ್ಲ. ರೆಗ್ಯುಲೇಟರ್ ಬಂದ್ ಮಾಡಿದೆ, ಕಿಟಕಿ ಬಾಗಿಲು ತೆರೆದೆ, ಅತ್ತೆಯ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದೆ. ನನ್ನ ಮೂಗಿಗೆ ಏನೂ ಗೊತ್ತಾಗಿರಲಿಲ್ಲ. ಏನೂ ಎಂದರೆ ಏನೂ ಇಲ್ಲ. ಒಳಗೆ ಡಬ್ಬಿ ಅದೇ ಶುದ್ಧ ಕನ್ನಡದಲ್ಲಿ ಅದೇ ಮಾತು ಹೇಳುತ್ತಿತ್ತು.

ಅತ್ತೆ ಕಡ್ಡಿಯನ್ನು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದರು. "ಗ್ಯಾಸ್ ಅನ್ನಾಕ ಏನ್ ಧಾಡಿ ಆಗೇತಿ ಅದಕ್ಕ?" ಅಂದರು.

ಸಂಜೆ ಸುದ್ದಿ ಕೇಳಿದ ಯಜಮಾನರು ಚಪ್ಪಲಿಯನ್ನೂ ಬಿಡದೆ, "ನಾಳಿಂದ ಅಡಗಿಯಾಕಿ ಬರತಾಳ," ಅಂದರು. ಬೆಳಗಿನಿಂದ ಅದುಮಿಟ್ಟುಕೊಂಡ ಅಳು ನನಗೆ ಆಗ ಬಂತು.

ಅತ್ತೆ ಅಂದರು, "ಅಡಗಿ ಮಾಡಾಕ ಈಕಿಗಿ ಬರತೈತಿ. ಮೂಗು ನನಗ ಐತಿ. ಮತ್ತ್ಯಾಕ ಬೇಕು ಮೂರನೇದಾಕಿ?"

ಮರುದಿನದಿಂದ ಅಡುಗೆಮನೆಯ ಬಾಗಿಲಲ್ಲಿ ಅವರ ಮಣೆ ಬಿತ್ತು. ನಾನು ಒಲೆ ಹಚ್ಚಿದಾಗಿನಿಂದ ಆರಿಸುವವರೆಗೆ ಅವರು ಅಲ್ಲಿಂದ ಏಳುವುದಿಲ್ಲ. ಒಗ್ಗರಣೆ ಹಾಕಿದೆ, ಡಬ್ಬಿ ಕೂಗಿತು. ಅತ್ತೆ ಕತ್ತು ಚಾಚಿ ಒಮ್ಮೆ ಮೂಸಿ, "ಇಂಗು. ನಡೀಲಿ," ಅಂದರು.

ಅದನ್ನು ನಾನಾಗಿ ಕೇಳಬಾರದಿತ್ತು. ಆದರೂ ತಡೆಯಲಾಗಲಿಲ್ಲ. "ಹೆಂಗ ಬರಾಕತ್ತೈತ್ರಿ ಅತ್ತಿ, ವಾಸನಿ?"

ಅವರು ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದುಕೊಂಡರು. "ಘಮ್ ಅಂತೈತಿ. ಆದ್ರ ಮೆಣಸಿನಕಾಯಿ ಕರ್ರಗ ಹೊತ್ತಸಾಕತ್ತೀ. ನೀ ಬಂದಾಗಿಂದ ಹಂಗ."

ಮೈಯೆಲ್ಲ ಉರಿಯಿತು. ಒಲೆ ಸಣ್ಣ ಮಾಡಿದೆ.