ಸಮುದ್ರದ ಪೊಟ್ಟಣದಲ್ಲಿ ನಮ್ಮ ಹೊಲದ ಮಣ್ಣು

‘ಕಾರವಾರ, ಸಮುದ್ರತಳದ ಕೆಸರು’ ಎಂದು ಚೀಟಿ ಅಂಟಿಸಿದ ಪೊಟ್ಟಣದೊಳಗೆ ಭಾಲ್ಕಿಯ ನಮ್ಮ ಹೊಲದ ಕಪ್ಪು ಯರಿ ಮಣ್ಣು ತುಂಬಿದವನು ನಾನೇ. ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುವೆ ಯಾರದಾದರೂ ದನಿ ಅಣಕಿಸಿ ಜಾರಿಕೊಂಡೇನು; ಆ ಚಟ ನನಗಿದೆ.

ಕೆಸರು ನನ್ನದಲ್ಲ. ಬೀದರಿನ ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದ, ಔರಾದ ಕಡೆಯ ಅಕ್ಕನದು. ಕಾಲೇಜಿನಿಂದ ಕಾರವಾರಕ್ಕೆ ಹೋದಾಗ ದೋಣಿಯಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ಆಕೆ ಮೂರು ಕಡೆ ನೀರು, ಕೆಸರು ಎತ್ತಿಸಿದ್ದಳು. ಆ ವಾಂತಿಯ ಸದ್ದನ್ನೂ ಅಣಕಿಸಿ ನಾನು ವಾಪಸು ಬರುವಾಗ ಬಸ್ಸನ್ನೆಲ್ಲ ನಗಿಸಿದ್ದೆ. ನೀರಿನ ಉಪ್ಪು, ಆಮ್ಲಜನಕ ಅಲ್ಲಿಯೇ ಅಳೆದಾಗಿತ್ತು. ಕೆಸರಿನೊಳಗಿನ ಸೂಕ್ಷ್ಮಜೀವಿ, ಗಂಧಕ ನೋಡುವುದು ಬಾಕಿ. ಮೂರು ಜಾಗಗಳನ್ನು ಹೋಲಿಸುವುದೇ ಅವಳ ಎಂ.ಎಸ್ಸಿ. ಪ್ರಬಂಧ. ಕಾಲೇಜಿನ ಫ್ರಿಜ್ ಕೆಟ್ಟಿದ್ದರಿಂದ ರಜೆಯಲ್ಲಿ ಹೆಪ್ಪುಗಟ್ಟಿದ ಮೂರೂ ಪೊಟ್ಟಣಗಳನ್ನು ನಮ್ಮ ಮನೆಯ ಫ್ರಿಜ್ಜಿನಲ್ಲಿಡಲು ಕೊಟ್ಟಳು.

“ಕರಗಲಾರದಂಗ ನೋಡ್ಕೋ, ತಮ್ಮಾ.”

ಮನೆಯಲ್ಲಿ ವೈನಿ, ನಮ್ಮಣ್ಣನ ಹೆಂಡತಿ, “ಇದೇನೋ?” ಎಂದರು. ನಾನು ಟಿ.ವಿ. ಜಾಹೀರಾತಿನ ಹೆಂಗಸಾದೆ: “ಸಮುದ್ರದ ಮಣ್ಣು ಹಚ್ಚಿರಿ, ಎರಡೇ ದಿನದಲ್ಲಿ ಹಾಲಿನಂಥ ಮುಖ ಪಡೆಯಿರಿ!”

ಮರುದಿನ ಮಧ್ಯಾಹ್ನ ಒಳಗೆ ಕಾಲಿಟ್ಟರೆ ಕೊಳೆತ ತತ್ತಿಯ ನಾತ. ವೈನಿ ಒಂದು ಪೊಟ್ಟಣವನ್ನು ಪೂರ್ತಿ ಮುಖಕ್ಕೆ, ಕುತ್ತಿಗೆಗೆ ಬಳಿದುಕೊಂಡು ಫ್ಯಾನಿನ ಕೆಳಗೆ ಕೂತಿದ್ದರು.

“ನಾತ ಇದ್ದದ್ರಾಗೇ ಗುಣ ಇರ್ತದ, ಹೌದಲ್ಲೋ?”

ನಗು ಬರಲಿಲ್ಲ. ತಮಾಷೆಗೆ ಹೇಳಿದ್ದೆ ಎಂದೆ. ಅವರು ಬೈಯಲಿಲ್ಲ. “ನನ್ನ ಬಣ್ಣ ನೋಡಿ ಚಾಷ್ಟಿ ಮಾಡಿದಿ,” ಎಂದಷ್ಟೇ ಹೇಳಿ ಬಚ್ಚಲಿಗೆ ಹೋದರು. ಮುಖ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು.

ಅಷ್ಟಾದರೂ ಬುದ್ಧಿ ಬರಬೇಕಲ್ಲ? ಅಕ್ಕನಿಗೆ ಹೇಳಲು ಮುಖವಿಲ್ಲದೆ ಜೋಳದ ಹೊಲಕ್ಕೆ ಹೋಗಿ, ಕರಿ ಮಣ್ಣು ತಂದು, ಉಪ್ಪುನೀರಲ್ಲಿ ಕಲಸಿ, ಅದೇ ಪೊಟ್ಟಣಕ್ಕೆ ತುಂಬಿ ಹೆಪ್ಪುಗಟ್ಟಿಸಿದೆ. ಬಣ್ಣ ಒಂದೇ.

ಕಾಲೇಜು ಶುರುವಾದ ಮೇಲೆ ಲ್ಯಾಬಿನಲ್ಲಿ ಅಕ್ಕ ಅದನ್ನು ಕರಗಿಸಿದಳು. ಎರಡು ಬೆರಳಲ್ಲಿ ತಿಕ್ಕಿದಳು, ಮೂಸಿದಳು. ಚಿಮಟದಿಂದ ಒಂದು ಸಣ್ಣ ಬೇರು ಎಳೆದು ಬೆಳಕಿಗೆ ಹಿಡಿದಳು. ನಾನು ಅವಳ ಪ್ರಬಂಧ ನೋಡುವ ನಮ್ಮ ಮೇಡಮ್ಮಿನ ದನಿಯಲ್ಲಿ, “ಇದು ಸಮುದ್ರದ ಅಪರೂಪದ ಹುಳ...” ಎಂದು ತೊಡಗಿದೆ. ಆಕೆ ನನ್ನನ್ನೇ ನೋಡಿದಳು. ಮೇಡಮ್ಮಿನ ದನಿ ಅಲ್ಲಿಗೇ ಬಿಟ್ಟೆ. ನಡೆದದ್ದನ್ನೆಲ್ಲ ತಲೆ ತಗ್ಗಿಸಿ ಹೇಳಿದೆ. ಕೊನೆಗೆ, “ಇನ್ನೂ ಎರಡು ಪೊಟ್ಟಣ ಅದಾವಲ್ಲಕ್ಕಾ,” ಎಂದೂ ಅಂದೆ, ನಾಚಿಕೆಯಿಲ್ಲದವನು.

ಆಕೆ ಬೇರನ್ನು ನನ್ನ ಅಂಗೈಯಲ್ಲಿಟ್ಟಳು.

“ಎರಡರ ಮ್ಯಾಲೇ ಬರಿತೀನಿ. ಮೂರನೇದು ಯಾಕಿಲ್ಲ ಅಂತ ಮೇಡಂಗ ನೀ ಹೇಳು. ಸಮುದ್ರದಾಗ ಜೋಳ ಯಾರು ಬಿತ್ತಿದ್ರು ಅಂಬೋದೂ ಹೇಳು.”