ಹಾವ್ಡಾ ಬಸ್ಸಿನಲ್ಲಿ ಅತ್ತೆಯವರ ಆಧಾರ್ ಕಾರ್ಡು

ಕಲ್ಕತ್ತೆಯಲ್ಲಿ ಬಸ್ಸು ನಿಲ್ಲುವುದಿಲ್ಲ. ನಿಂತ ಹಾಗೆ ಮಾಡುತ್ತದೆ, ಅಷ್ಟೆ. ಐದು ವರ್ಷದ ಹಿಂದೆ, ಈ ಊರಿಗೆ ಬಂದ ಮೊದಲ ವಾರ, ನಾನು ಇಳಿಯಲು ಬಾಗಿಲಿಗೆ ಬಂದಾಗ ಕಂಡಕ್ಟರ್ ಬಸ್ಸಿನ ತಗಡನ್ನು ಅಂಗೈಯಿಂದ ದಬದಬ ಬಡಿದು, "ಆಸ್ತೆ ಲೇಡೀಜ್! ಕೋಲೆ ಬಾಚ್ಚಾ!" ಎಂದು ಕೂಗಿದ. ನಿಧಾನ, ಹೆಂಗಸರು ಇಳಿಯುತ್ತಿದ್ದಾರೆ, ಕಂಕುಳಲ್ಲಿ ಕೂಸಿದೆ ಎಂದರ್ಥ. ನನ್ನ ಕಂಕುಳಲ್ಲಿ ಕೂಸಿರಲಿಲ್ಲ, ಬಟಾಟೆಯ ಚೀಲವಿತ್ತು. ಡ್ರೈವರ್ ಬ್ರೇಕ್ ಒತ್ತಲಿ ಎಂದು ಯಾವ ಹೆಂಗಸು ಇಳಿದರೂ ಹಾಗೆಯೇ ಕೂಗುತ್ತಾರಂತೆ. "ಬಾಂ ಪಾ, ದಿದಿ, ಬಾಂ ಪಾ!" ಎಂದ. ಎಡಗಾಲು ಅಕ್ಕಾ, ಎಡಗಾಲು ಮೊದಲು. ನಾನು ಬಲಗಾಲು ಇಟ್ಟೆ. ಬಟಾಟೆ ರಸ್ತೆಯ ಪಾಲಾಯಿತು, ಮೊಣಕಾಲು ತರಚಿತು, ಬಸ್ಸು ಆಗಲೇ ಮುಂದಿನ ತಿರುವಿನಲ್ಲಿತ್ತು. ಅಂದಿನಿಂದ ನಾನು ಬಸ್ಸಿನ ಸಹವಾಸವನ್ನೇ ಬಿಟ್ಟೆ.

ನಾನು ಮೊದಲಿನಿಂದಲೂ ಪುಕ್ಕಲಿ. ಹುಬ್ಬಳ್ಳಿಯಲ್ಲಿ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಅಲ್ಲಿ ದಾರಿ ತಪ್ಪಿದರೆ ಕೇಳಲು ಬಾಯಿತ್ತು. ಇಲ್ಲಿ ಬಾಯಿಗೇ ಬೀಗ. ನಮ್ಮವರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ಸಾಲ್ಟ್ ಲೇಕ್‌ನಲ್ಲಿ ಕ್ವಾರ್ಟರ್ಸು. ಸಾಲ್ಟ್ ಲೇಕ್ ಎಂದರೆ ಎಲ್ಲ ರಸ್ತೆಗಳೂ ಅಕ್ಕತಂಗಿಯರ ಹಾಗೆ: ಅದೇ ವೃತ್ತ, ಅದೇ ನೀರಿನ ಟ್ಯಾಂಕು, ಅದೇ ಹಳದಿ ಗೋಡೆಯ ಮನೆ. ಬಡಾವಣೆಗಳಿಗೆ ಹೆಸರೂ ಇಲ್ಲ, ಇಂಗ್ಲಿಷಿನ ಎರಡೆರಡು ಅಕ್ಷರಗಳು ಮಾತ್ರ. ಮಗಳನ್ನು ಶಾಲೆಗೆ ಬಿಡುವುದು, ಮಾರ್ಕೆಟ್ಟಿಗೆ ಹೋಗುವುದು, ಸಾಸಿವೆ ಎಣ್ಣೆಯ ಘಾಟಿಗೆ ಮೂಗು ಮುಚ್ಚಿಕೊಂಡು ಮೀನಿನ ಸಾಲು ದಾಟಿ ಬದನೆಕಾಯಿ ತರುವುದು, ಇಷ್ಟೇ ನನ್ನ ಕಲ್ಕತ್ತೆ. ಅದರಾಚೆ ಎಲ್ಲಿಗೆ ಹೋದರೂ ನಮ್ಮವರ ಬೆನ್ನಹಿಂದೆ. ಬಸ್ಸಿನ ಚಿಲ್ಲರೆಗೆ ಇಲ್ಲಿ ಖುಚ್ರೊ ಎನ್ನುತ್ತಾರೆ. ಆ ಖುಚ್ರೊ ಕೂಡ ಅವರ ಜೇಬಿನಲ್ಲೇ ಇರುತ್ತಿತ್ತು.

ಇಂಥ ಮನೆಗೆ ಕಳೆದ ಚಳಿಗಾಲ ನಮ್ಮ ಅತ್ತೆ ಬಂದರು. ಹೆಸರು ಶಾಂತವ್ವ, ಊರು ನರಗುಂದ. ಮಾವ ತೀರಿಕೊಂಡ ಮೇಲೆ ದೊಡ್ಡ ಮಗನ ಮನೆಯಲ್ಲಿದ್ದವರು, ಇನ್ನು ಮುಂದೆ ನಮ್ಮಲ್ಲೇ ಇರಲಿ ಎಂಬುದು ನಮ್ಮವರ ಆಸೆ. ಬರುವಾಗ ಜೋಳದ ಹಿಟ್ಟಿನ ಡಬ್ಬಿ, ಶೇಂಗಾ ಚಟ್ನಿ, ಮತ್ತು ಕೊರಳಲ್ಲಿ ದಾರ ಕಟ್ಟಿದ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಆಧಾರ್ ಕಾರ್ಡು. ಸ್ನಾನಕ್ಕೆ ಹೋಗುವಾಗ ಮಾತ್ರ ಅದನ್ನು ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದರು.

ಊರಲ್ಲಿ ಹೆಂಗಸರಿಗೆ ಬಸ್ ಫ್ರೀ ಆದಮೇಲೆ ನಮ್ಮ ಅತ್ತೆಗೆ ಕಾಲು ಬಂದವು ಎಂದೇ ನಾನು ಹೇಳುವುದು. ಕರ್ನಾಟಕದ ವಿಳಾಸವಿರುವ ಕಾರ್ಡು ತೋರಿಸಿದರೆ ಸಾಕು, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾನೆ. ಅದಕ್ಕೂ ಮೊದಲು ಅವರು ಹುಬ್ಬಳ್ಳಿ ದಾಟಿ ಹೋದವರಲ್ಲ. ಆಮೇಲೆ ಮಧ್ಯಾಹ್ನ ನಾನು ಅನ್ನಕ್ಕೆ ಕೂತರೆ ಫೋನು. "ಲಲಿತಾ, ಬಾದಾಮ್ಯಾಗ ಅದೇನಿ. ಚಹಾ ಕುಡ್ಯಾಕ ಹತ್ತೇನಿ." ಮರುವಾರ ಸವದತ್ತಿ. ಅದರ ಮರುವಾರ ಗೋಕಾಕ, ಬಾಲ್ಯದ ಗೆಳತಿಯ ಮನೆ. ಗೊತ್ತಿಲ್ಲದ ಊರಿಗೆ ಹೋಗುವಾಗ ಅವರದೊಂದು ಪದ್ಧತಿ. ಹತ್ತಿದ ಬಸ್ಸಿನ ಕಿಟಕಿ ಬಿಡಬಾರದು, ಕೊನೆಯ ನಿಲ್ದಾಣದ ತನಕ ಹೋಗಬೇಕು, ಅಲ್ಲಿ ಚಹಾ ಕುಡಿದು ಅದೇ ಬಸ್ಸಿಗೆ ವಾಪಸು ಬರಬೇಕು. "ಅದ ಬಸ್ಸು, ಅದ ಡ್ರೈವರು. ಹಾದಿ ತಪ್ಪೂದ ಎಲ್ಲಿಂದ ಬಂತು?" ಎನ್ನುತ್ತಿದ್ದರು. ಕೇಳಿದಾಗೆಲ್ಲ ನನಗೆ ಭಯ, ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು ಎನ್ನಿ.

ಇಲ್ಲಿಗೆ ಬಂದ ದಿನವೇ ನಮ್ಮವರು ಅಪ್ಪಣೆ ಹೊರಡಿಸಿದರು. "ಅವ್ವಾ, ಇದು ನರಗುಂದ ಅಲ್ಲ. ಒಬ್ಬಾಕಿನ ಗೇಟ್ ದಾಟಬ್ಯಾಡ." ನನ್ನ ಕಡೆ ತಿರುಗಿ, "ನೀ ನೋಡ್ಕೋ" ಎಂದರು. ನಾನು ನೋಡಿಕೊಂಡೆ. ಅತ್ತೆ ಬಾಲ್ಕನಿಯಲ್ಲಿ ಕೂತು ಕೆಳಗೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು. ಒಂದೊಂದು ಸಲ, "ಇದು ಎಲ್ಲಿಗೆ ಹೊಂಟೈತಿ?" ಎಂದು ಕೇಳುವರು. ಬೋರ್ಡು ಬಂಗಾಳಿಯಲ್ಲಿ. ಐದು ವರ್ಷವಿದ್ದ ನನಗೂ ಗೊತ್ತಿರಲಿಲ್ಲ.

ಒಂದು ಶನಿವಾರ ನಾನು ಬಟ್ಟೆ ಒಣಹಾಕಿ ಟೆರೇಸಿನಿಂದ ಇಳಿದು ಬಂದರೆ ಬಾಲ್ಕನಿಯ ಕುರ್ಚಿ ಖಾಲಿ. ಬಚ್ಚಲಲ್ಲಿಲ್ಲ. ಕೆಳಗೆ ಪಾರ್ಕಿನಲ್ಲಿಲ್ಲ. ಫೋನು ಮಾಡಿದರೆ ಅಡುಗೆಮನೆಯಲ್ಲೇ ರಿಂಗಾಯಿತು, ಚಾರ್ಜಿಗೆ ಹಾಕಿದ್ದರು. ಗೂಟದ ಮೇಲೆ ಕೊರಳ ಚೀಲವಿಲ್ಲ.

ಮಗಳು ಮೇಘಾ ಟಿವಿಯ ಮುಂದೆ ಕೂತಿದ್ದಳು. ಎಂಟು ವರ್ಷದ ಹುಡುಗಿ, ಮೂರು ಭಾಷೆ ಕಲಸಿಯೇ ಮಾತು. "ಅಜ್ಜಿ ಆಸ್ಕ್ ಮಾಡಿದ್ರು, ಸಬ್ಸೇ ದೂರ ಯಾವ್ ಬಸ್ ಹೋಗ್ತದ ಅಂತ. ನಾನು ಹಾವ್ಡಾ ಅಂದೆ."

"ಅಯ್ಯೋ ನಿನ್ನ! ಮತ್ತ?"

"ಮತ್ತ ಅಜ್ಜಿ ಚಪ್ಪಲ್ ಪೆಹೆನ್‌ಕೆ ಹೋದ್ರು."

ಮಗಳನ್ನು ಎದುರು ಮನೆಯ ಬೌದಿಯ ಬಳಿ ಬಿಟ್ಟೆ. ಬೌದಿ ಎಂದರೆ ಅತ್ತಿಗೆ. ಇಲ್ಲಿ ನೆರೆಯವರೆಲ್ಲ ಹೀಗೇ ಸಂಬಂಧಿಕರು. ಕೆಲಸವಿದೆಯೆಂದು ಶನಿವಾರವೂ ಕಚೇರಿಗೆ ಹೋಗಿದ್ದ ನಮ್ಮವರಿಗೆ ಫೋನು ಮಾಡಿದೆ. "ನೀ ಏನ್ ಮಾಡಾಕತ್ತಿದ್ದಿ?" ಎಂದರು. ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚಿತು. "ಅವ್ವನ ಹಂತ್ಯಾಕ ರೊಕ್ಕ ಇಲ್ಲ, ಫೋನ್ ಇಲ್ಲ, ಹಿಂದಿ ಬರೂದಿಲ್ಲ. ನಾ ಪೊಲೀಸ್ ಸ್ಟೇಶನ್ನಿಗೆ ಹೊಂಟೆ. ನೀ ಮನ್ಯಾಗ ಇರು."

ನಾನು ಮನೆಯಲ್ಲಿರಲಿಲ್ಲ. ಹಾವ್ಡಾ ಎಂದರೆ ಗಂಗೆಯಾಚೆಯ ದೊಡ್ಡ ರೈಲು ನಿಲ್ದಾಣ. ಅಲ್ಲಿಗೆ ಬಸ್ಸುಗಳು ಹೊರಡುವುದು ಕರುಣಾಮಯಿ ಬಸ್ ಸ್ಟ್ಯಾಂಡಿನಿಂದ, ಮನೆಯಿಂದ ನಡೆದುಹೋಗುವ ದೂರ. ಓಡಿದೆ. ಅಲ್ಲಿ ಸಾಲುಸಾಲು ನೀಲಿ ಬಸ್ಸು, ಹಳದಿ ಬಸ್ಸು, "ಹಾವ್ಡಾ ಹಾವ್ಡಾ ಹಾವ್ಡಾ" ಎಂದು ಕಂಡಕ್ಟರುಗಳ ಕೂಗು. ಕರೆಯುತ್ತಿದ್ದರೆ ನಮ್ಮ ಅತ್ತೆ ಹತ್ತದೆ ಇರುತ್ತಾರೆಯೇ? ಯಾವ ಬಸ್ಸು ಎಂದು ಹೇಗೆ ತಿಳಿಯುವುದು? ಹಾವ್ಡಾಕ್ಕೆ ಹೋಗಿ ಹುಡುಕಲೇ? ಹಾವ್ಡಾದ ಜನಸಾಗರ ನೆನೆದರೆ ತಲೆ ತಿರುಗಿತು. ಆಗ ಅವರ ಪದ್ಧತಿ ನೆನಪಾಯಿತು. ಕೊನೆಯ ನಿಲ್ದಾಣ, ಚಹಾ, ಅದೇ ಬಸ್ಸಿಗೆ ವಾಪಸು. ಅವರು ಅವರೇ ಆಗಿದ್ದರೆ ಇಲ್ಲಿಗೇ ಬರಬೇಕು. ಚಹಾಕ್ಕೆ ಕಾಸಿಲ್ಲವಲ್ಲ, ಕೆಳಗಿಳಿದು ಯಾರ ಮುಂದಾದರೂ ಕೈಯೊಡ್ಡಿ ನಿಂತರೆ? ಬಸ್ಸು ಬಿಟ್ಟುಹೋದರೆ?

ಹಾವ್ಡಾದಿಂದ ಬಂದ ಪ್ರತಿ ಬಸ್ಸನ್ನೂ ಹತ್ತಿ ನೋಡತೊಡಗಿದೆ. ಬಸ್ಸು ನಿಲ್ಲುವ ತನಕ ಕಾಯಲು ವ್ಯವಧಾನವಿರಲಿಲ್ಲ. ಕಂಬಿ ಹಿಡಿದು ಹಾರುವುದು, ಹೆಂಗಸರ ಸೀಟಿನ ಸಾಲಿನಲ್ಲಿ ಇಳಕಲ್ ಸೀರೆ ಇದೆಯೇ ನೋಡುವುದು, ಮತ್ತೆ ಹಾರುವುದು. "ಬಾಂ ಪಾ ದಿದಿ!" ಎಂದು ಯಾರೋ ಕೂಗಿದರು. ಎಡಗಾಲೇ ಇಟ್ಟಿದ್ದೆ. ನನಗೆ ಅದರ ಅರಿವೂ ಇರಲಿಲ್ಲ. ಮನಸ್ಸಿನಲ್ಲಿ ಒಂದೇ ಮಾತು: ದೇವರೇ, ನಾನು ಅವರ ಮಗನಿಗೆ ಮುಖ ತೋರಿಸುವುದು ಹೇಗೆ. ಇಷ್ಟು ದಿನ ಬಾಲ್ಕನಿಯಲ್ಲಿ ಕೂಡಿಹಾಕಿದ್ದಕ್ಕೇ ಹೀಗಾಯಿತು ಎಂದು ಬೇರೆ ಅನ್ನಿಸಿ ಅಳು ಬಂತು.

ಬಿಸಿಲು ನೆತ್ತಿ ದಾಟಿದ ಮೇಲೆ ಒಂದು ನೀಲಿ ಬಸ್ಸು ಬಂತು. ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಅತ್ತೆ ಕೂತಿದ್ದರು. ಮುಖ ಕೆಂಪಗೆ. ನನ್ನನ್ನು ನೋಡಿದ್ದೇ ತಡ, "ಬಂದೆಲ್ಲವಾ ಲಲಿತಾ! ಈ ಮಂದಿಗೆ ಹೇಳು, ನಾ ತಪ್ಪಿಸಿಕೊಂಡಾಕಿ ಅಲ್ಲಂತ!" ಎಂದು ಗದರಿದರು. ನಾನು ಅಲ್ಲೇ ಅವರ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದೆ. ಬಸ್ಸೆಲ್ಲ ನೋಡುತ್ತಿತ್ತು, ನೋಡಲಿ.

ನಡೆದದ್ದನ್ನು ಕಂಡಕ್ಟರ್ ಬಂಗಾಳಿ ಬೆರೆಸಿದ ಹಿಂದಿಯಲ್ಲಿ ಹೇಳಿದ. ಟಿಕೆಟ್ ಕೇಳಿದರೆ ಮಾಶಿಮಾ, ಅಂದರೆ ಚಿಕ್ಕಮ್ಮ, ಕಾರ್ಡು ತೋರಿಸಿದರು. ಅವನು ವಿಳಾಸ ಓದಿದ: ನರಗುಂದ, ಕರ್ನಾಟಕ. ಈ ಮುದುಕಿ ಈ ವಿಳಾಸಕ್ಕೆ ಬಿಡು ಎನ್ನುತ್ತಿದ್ದಾಳೆ ಎಂದುಕೊಂಡ. "ಮಾಶಿಮಾ, ಈ ಬಸ್ಸು ಕರ್ನಾಟಕಕ್ಕೆ ಹೋಗೋದಿಲ್ಲ" ಎಂದ. ಅತ್ತೆಗೆ ಅರ್ಥವಾದದ್ದು ಕರ್ನಾಟಕ ಎಂಬ ಒಂದೇ ಶಬ್ದ. ಜೋರಾಗಿ ತಲೆಯಾಡಿಸಿ, ಹೌದೌದು, ಕರ್ನಾಟಕದ್ದೇ ಎಂದರು. ಅಲ್ಲಿಗೆ ಬಸ್ಸಿನ ತುಂಬ ಸಭೆ ಸೇರಿತು. ನಿಮಗೆ ಗೊತ್ತಿಲ್ಲ, ಕಲ್ಕತ್ತೆಯ ಜನರಿಗೆ ಪರರ ಕಷ್ಟ ಸಿಕ್ಕರೆ ಇಳಿಯುವ ಸ್ಟಾಪು ದಾಟಿದರೂ ಪರಿವೆಯಿಲ್ಲ. ಕರ್ನಾಟಕದ ರೈಲು ಹಾವ್ಡಾದಿಂದಲೇ ಹೋಗುತ್ತದೆ, ಅಲ್ಲಿ ಇಳಿಸಿ ರೈಲ್ವೆ ಪೊಲೀಸರಿಗೆ ಒಪ್ಪಿಸೋಣ ಎಂದು ಒಬ್ಬರು. ಎಲ್ಲರೂ ಸೇರಿ ಟಿಕೆಟ್ ತೆಗೆಸಿ ಕೂರಿಸೋಣ ಎಂದು ಇನ್ನೊಬ್ಬರು. ಹಾವ್ಡಾದಲ್ಲಿ ಇಬ್ಬರು ಹೆಂಗಸರು ಅಕ್ಕರೆಯಿಂದ ಕೈಹಿಡಿದು ಎಬ್ಬಿಸಿದರೆ ಅತ್ತೆ ಕಿಟಕಿಯ ಸರಳನ್ನು ಬಿಡಲೇ ಇಲ್ಲವಂತೆ.

"ಯಾಕ ಬಿಡ್ಲಿ? ಬಸ್ ಬಿಟ್ರ ಹಾದಿ ಬಿಟ್ಟಂಗ" ಎಂದರು ಅತ್ತೆ.

ಆ ಕೈ ಸಡಿಲಾಗಿದ್ದರೆ, ಒಳ್ಳೆಯ ಜನ ಒಳ್ಳೆಯ ಮನಸ್ಸಿನಿಂದಲೇ ಅವರನ್ನು ಎಲ್ಲಿಗೋ ಕಳಿಸಿಬಿಡುತ್ತಿದ್ದರು.

ಕಂಡಕ್ಟರ್ ಎಲ್ಲ ಹೇಳಿ ಮುಗಿಸಿ, ಹೋಗುವ ಬರುವ ಎರಡೂ ಟಿಕೆಟ್ಟಿನ ದುಡ್ಡು ಕೇಳಿದ. ಕೊಟ್ಟೆ. ಅತ್ತೆ ಹೌಹಾರಿದರು. "ಇಲ್ಲೆ ಹೆಣಮಕ್ಕಳ ಕಡಿಂದ ರೊಕ್ಕ ತಗೋತಾರ? ಹಂಗಾರ ಹೆಣಮಕ್ಕಳು ಹೊರಗ ಹೆಂಗ ಹೋಗಬೇಕು?"

ನಾನು ಹೋಗುತ್ತಲೇ ಇರಲಿಲ್ಲವಲ್ಲ.

ಮನೆಯಲ್ಲಿ ನಮ್ಮವರು ಮೊದಲು ತಾಯಿಯ ಕಾಲು ಹಿಡಿದು ಕೂತರು, ಆಮೇಲೆ ರೇಗಿದರು. ಅವ್ವನ ಆಧಾರ್ ವಿಳಾಸವನ್ನು ಇಲ್ಲಿಗೆ ಬದಲಿಸಿಬಿಡೋಣ, ಮುಂದೆ ಹೀಗಾದರೆ ಯಾರಾದರೂ ಓದಿ ಮನೆಗೇ ತಂದುಬಿಡುತ್ತಾರೆ ಎಂದರು. ಮಾತು ಸರಿಯಾಗಿಯೇ ಇತ್ತು. ಗ್ಯಾಸ್ ಕನೆಕ್ಷನ್ನು, ಮಗಳ ಶಾಲೆ ಎಂದು ನನ್ನ ಕಾರ್ಡನ್ನು ಎಂದೋ ಬದಲಿಸಿದ್ದೆವು. ನಾನು ಅದಕ್ಕಾಗಿ ಒಂದು ನಿಮಿಷವೂ ಯೋಚಿಸಿರಲಿಲ್ಲ.

ಅತ್ತೆ ಕೊರಳ ಚೀಲವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ಬದ್ಲಿಸಿದ್ರ ಊರಾಗ ಫ್ರೀ ಬಿಡ್ತಾರೇನು?"

"ಇಲ್ಲವಾ. ಆದ್ರ ನಿನಗ ಇನ್ನ ಊರಿನ ಬಸ್ ಯಾಕ ಬೇಕು? ಬೇಕಂದಾಗ ನಾ ಕರಕೊಂಡ ಹೋಗ್ತೇನಿ."

"ನಿಮ್ಮಪ್ಪನೂ ಹಿಂಗ ಅಂತಿದ್ದ. ತವರಮನಿಗೆ ಹೋಗಬೇಕಂದ್ರ ಆತನ ಮಾರಿ ನೋಡಬೇಕಿತ್ತು. ಬಸ್ಸಿನ ರೊಕ್ಕ ಕೊಟ್ರ ಹೋಗೂದು, ಇಲ್ಲಾಂದ್ರ ಇಲ್ಲ. ನಮ್ಮವ್ವ ಸತ್ತಾಗ ಮಣ್ಣಿಗೂ ಮುಟ್ಟಲಿಲ್ಲ ನಾ. ಈಗ ಯಾರ ಮಾರೀನೂ ನೋಡಬೇಕಾಗಿಲ್ಲ. ಈ ಕಾರ್ಡ್ ಕೊಡಂಗಿಲ್ಲಪಾ. ನನ್ನ ಊರಿಗೆ ಕಳಿಸು."

ನಮ್ಮವರು ಎದ್ದುಹೋದರು. ಅವರಿಗೆ ನೋವಾಗಿತ್ತು. ನನಗೆ ಇಬ್ಬರ ಮೇಲೂ ಕನಿಕರ.

ಹೋಳಿಯ ನಂತರಕ್ಕೆ ರೈಲು ಟಿಕೆಟ್ ಸಿಕ್ಕಿತು. ಅಲ್ಲಿಯವರೆಗೆ ಮಗಳನ್ನು ಶಾಲೆಗೆ ಬಿಟ್ಟು ನಾನೇ ಅತ್ತೆಯ ಜೊತೆ ಹೊರಟೆ. ನಮ್ಮವರಿಂದ ಖುಚ್ರೊ ಕೇಳಿ ಇಸಿದುಕೊಂಡೆ, ಸುಳ್ಳೇಕೆ. ಆದರೆ ಈ ಊರಿನಲ್ಲಿ ತಿರುಗುವುದು ಎಷ್ಟು ಅಗ್ಗ ಎಂಬುದು ಆಗಲೇ ತಿಳಿದದ್ದು. ಗಂಗೆ ದಾಟುವ ದೋಣಿಗೆ ಇಲ್ಲಿ ಲಂಚ್ ಎನ್ನುತ್ತಾರೆ, ಒಂದು ಚಹಾದ ಬೆಲೆಗೆ ಆಚೆ ದಡ ಮುಟ್ಟಿಸುತ್ತದೆ. ನದಿ ನೋಡುತ್ತ ಸ್ನಾನಘಟ್ಟದ ಮೆಟ್ಟಿಲಲ್ಲಿ ಕೂರಲು ಯಾರೂ ಏನೂ ಕೇಳುವುದಿಲ್ಲ. ಅತ್ತೆ ಕಿಟಕಿ ಹಿಡಿಯುವರು, ನಾನು ಅವರ ಸೆರಗು ಹಿಡಿಯುವೆನು. ಇಳಿಯುವಾಗ ಕಂಡಕ್ಟರ್ "ಕೋಲೆ ಬಾಚ್ಚಾ" ಎಂದು ಕೂಗಿದರೆ ಅತ್ತೆ, "ಕೂಸು ಯಾರು, ನಾನೋ ನೀನೋ?" ಎಂದು ನಗುತ್ತಿದ್ದರು. ನನಗೆ ಪ್ರತಿ ಸಲವೂ ಜೀವ ಹೋಗಿ ಬಂದಂತಾಗುತ್ತಿತ್ತು. ಆದರೂ ಇಳಿದೆ.

ಈ ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆ. ನರಗುಂದದಿಂದ ಹುಬ್ಬಳ್ಳಿಗೆ, ನನ್ನ ತವರಿಗೆ, ಅತ್ತೆಯೂ ಹೊರಟರು. ಬಸ್ಸು ತುಂಬ ಹೆಂಗಸರು, ಎಲ್ಲರ ಕೈಯಲ್ಲೂ ಕಾರ್ಡು. ಕಂಡಕ್ಟರ್ ಅತ್ತೆಯದನ್ನು ಸರಿಯಾಗಿ ನೋಡಲೂ ಇಲ್ಲ, ಶೂನ್ಯ ಟಿಕೆಟ್ ಕೊಟ್ಟ. ನನ್ನದನ್ನು ಹಿಡಿದುಕೊಂಡು ನಿಂತ.

"ಅಕ್ಕಾರ, ಇದು ಕಲ್ಕತ್ತಾದ್ದೈತ್ರಿ. ಟಿಕೆಟ್ ತಗೋಬೇಕ್ರಿ."

"ಆಕಿ ನಮ್ಮ ಸೊಸಿ ಅದಾಳೋ!" ಎಂದರು ಅತ್ತೆ.

"ಸೊಸಿ ಇದ್ರೇನ್ರೀ ಅವ್ವಾರ. ಕಾರ್ಡ್ ಆ ಊರಿಂದೈತಿ."

ಅಕ್ಕಪಕ್ಕದವರು ತಿರುಗಿ ನೋಡಿದರು. ಹುಟ್ಟಿ ಬೆಳೆದ ಊರಿನ ಬಸ್ಸಿನಲ್ಲಿ ನನ್ನ ಮುಖ ಬಿಸಿಯಾಯಿತು. ಪರ್ಸಿಗೆ ಕೈ ಹಾಕಿದರೆ ಅತ್ತೆ ತಡೆದರು. ಕೊರಳ ಚೀಲ ಬಿಚ್ಚಿ, ಕಾರ್ಡಿನ ಹಿಂದೆ ಮಡಿಚಿಟ್ಟಿದ್ದ ನೋಟು ತೆಗೆದರು. "ಒಂದು ಹುಬ್ಬಳ್ಳಿ ಕೊಡಪಾ" ಎಂದರು. ನನ್ನ ಕೈಗೆ ಟಿಕೆಟ್ ಇಟ್ಟು, "ಅಲ್ಲೆ ನೀ ನನಗ ತಗದಿ. ಇಲ್ಲೆ ನಾ ನಿನಗ ತಗೀತೇನಿ. ಯಾರ ಮಾರೀನೂ ನೋಡಬ್ಯಾಡ" ಎಂದರು.

ಹುಬ್ಬಳ್ಳಿ ಬಂತು. ಬಸ್ಸು ಪೂರ್ತಿ ನಿಂತಿತು, ಎಂಜಿನ್ ಕೂಡ ಆಫ್ ಆಯಿತು. ನಾನು ಬಾಗಿಲ ಕಂಬಿ ಹಿಡಿದು, ಮೈ ಬಿಗಿಹಿಡಿದು, ಎಡಗಾಲು ಮೊದಲಿಟ್ಟು ಹಾರಿದೆ.

ಹಿಂದೆ ಅತ್ತೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಕೇಳಿದರು, "ನಿಂತ ಬಸ್ಸಿನಿಂದ ಯಾಕ ಹಂಗ ಜಿಗೀತಿ ಲಲಿತಾ?"