ನಾನೇ ತೊಳೆದುಕೊಂಡ ವಿಭೂತಿ

ಸಿಸ್ಟರ್ ಬೆನೆಡಿಕ್ಟಾ ನನ್ನ ಹಣೆಯ ವಿಭೂತಿಯನ್ನು ಒರೆಸಲಿಲ್ಲ. ಒರೆಸಿಕೋ ಎಂದೂ ಹೇಳಲಿಲ್ಲ. ಅದನ್ನು ತೊಳೆದುಕೊಂಡವಳು ನಾನೇ. ತಿಪಟೂರಿನ ಕೆಲವು ಹಿರಿಯರು ಈಗಲೂ ನಂಬಿಕೊಂಡಿರುವ ಆ ಕಥೆ ಹುಟ್ಟಿದ್ದು ನನ್ನ ಬಾಯಿಂದ, ನನ್ನ ಹೆದರಿಕೆಯಿಂದ. ಹೆದರಿಕೆ ಎಂದೆ — ಅದನ್ನು ನೆಪವಾಗಿ ಹೇಳುತ್ತಿಲ್ಲ. ಇದ್ದದ್ದು ಅದು, ಅಷ್ಟೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಂಗಳೂರು ಕಡೆಯಿಂದ ಬಂದ ನಾಲ್ವರು ಸಿಸ್ಟರ್‌ಗಳು ನಮ್ಮೂರಿನಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ತೆರೆದು ಮೂರನೇ ವರ್ಷ. ಕಟ್ಟಡ ಮೊದಲು ಕೊಬ್ಬರಿ ಗೋದಾಮಾಗಿತ್ತು; ಎಷ್ಟು ಸುಣ್ಣ ಬಳಿದರೂ ಬಿಸಿಲೇರಿದಾಗ ಪಾಠದ ನಡುವೆ ಎಣ್ಣೆಯ ವಾಸನೆ ಏಳುತ್ತಿತ್ತು. ಹುಡುಗರ ಜೊತೆ ಕೂರಿಸುವುದಿಲ್ಲವೆಂದು ಏಳನೇ ಕ್ಲಾಸಿಗೇ ಮಗಳನ್ನು ಬಿಡಿಸುತ್ತಿದ್ದ ಅಪ್ಪಂದಿರು, ಇದು ಬರೀ ಹುಡುಗಿಯರ ಶಾಲೆಯೆಂದು ಧೈರ್ಯ ಮಾಡಿದ್ದರು. ಕ್ರೈಸ್ತ ಹುಡುಗಿಯರು ಇಬ್ಬರೇ ಇದ್ದರು. ಅವರು ಜಪದ ಪಾಠಕ್ಕೆ ಹೋದಾಗ ಉಳಿದವರಿಗೆ ನೀತಿಪಾಠ. ನಮ್ಮ ದೇವರ ಬಗ್ಗೆ ಯಾರೂ ಒಂದು ಮಾತು ಎತ್ತಿದವರಲ್ಲ.

ಎಸ್.ಎಸ್.ಎಲ್.ಸಿ.ಗೆ ನಾವೇ ಮೊದಲ ಬ್ಯಾಚು, ಹತ್ತೊಂಬತ್ತು ಹುಡುಗಿಯರು. ಲೆಕ್ಕದ ಪಾಠ ಸಿಸ್ಟರ್ ಬೆನೆಡಿಕ್ಟಾ ಅವರದು. ಬೆಳಿಗ್ಗೆ ಏಳೂವರೆಗೇ ಸ್ಪೆಷಲ್ ಕ್ಲಾಸು. ಬೋರ್ಡಿನ ಮೇಲೆ ತ್ರಿಕೋನ ಬರೆದು, ಸೀಮೆಸುಣ್ಣದ ಕೈಯನ್ನು ನಿಲುವಂಗಿಗೆ ತಾಗದಂತೆ ದೂರ ಹಿಡಿದು, "ಉತ್ತರ ಬಾರದಿದ್ದರೆ ಅಡ್ಡಿಲ್ಲ, ಹೋದ ದಾರಿ ಬರೆಯಿರಿ" ಎನ್ನುತ್ತಿದ್ದರು. ನನಗೆ ದಾರಿಯೂ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಬಿಳಿಗೆರೆಯ ಗೌರಮ್ಮನಿಗೆ ಎಲ್ಲವೂ ತಿಳಿಯುತ್ತಿತ್ತು. ತೋಟದವರ ಮಗಳು ಅವಳು, ಬಸ್ಸಿನಲ್ಲಿ ಬರುತ್ತಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚಿಟ್ಟುಕೊಂಡೇ ನನಗೆ ಪ್ರಮೇಯ ಹೇಳಿಕೊಡುತ್ತಿದ್ದಳು. ಜಿಲ್ಲೆಗೇ ಹೆಸರು ತರುತ್ತಾಳೆಂದು ಸಿಸ್ಟರ್ ಅವಳ ಮೇಲೆ ಆಸೆ ಇಟ್ಟುಕೊಂಡಿದ್ದರು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಲೆಕ್ಕದಲ್ಲಿ ಹದಿನೇಳು ಬಂತು. ಪ್ರೋಗ್ರೆಸ್ ಕಾರ್ಡಿನಲ್ಲಿ ಕೆಂಪು ಶಾಯಿಯ ಗೆರೆ. ಅಪ್ಪನ ಸಹಿ ಮಾಡಿಸಿಕೊಂಡು ಬರಬೇಕು.

ಅಪ್ಪ ಕೊಬ್ಬರಿ ವ್ಯಾಪಾರಿ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಹೊಡೆಯುತ್ತಿರಲಿಲ್ಲ. ಅಕ್ಕ ಫೇಲಾದ ದಿನ ಕಾರ್ಡನ್ನು ಮಡಿಸಿ ಅವಳ ಕೈಗಿಟ್ಟು, "ಸಾಕು ಓದಿದ್ದು" ಎಂದಿದ್ದರು. ಮಾರನೆಯ ದಿನದಿಂದ ಅಕ್ಕ ಶಾಲೆಗೆ ಹೋಗಲಿಲ್ಲ. ಆ ಎರಡು ಮಾತಿಗೆ ನಾನು ಹೆದರುತ್ತಿದ್ದಂತೆ ಬೇರೆ ಯಾವುದಕ್ಕೂ ಹೆದರಿದವಳಲ್ಲ.

ಅವತ್ತು ಶಾಲೆ ಬಿಟ್ಟ ಮೇಲೆ, ಹಿಂದಿನ ನಲ್ಲಿಯ ಹತ್ತಿರ ಒಬ್ಬಳೇ ಕೂತು ಅತ್ತೆ. ಅತ್ತದ್ದು ಗೊತ್ತಾಗಬಾರದೆಂದು ಮುಖ ತೊಳೆದುಕೊಂಡೆ. ಮತ್ತೆ ಮತ್ತೆ ತೊಳೆದುಕೊಂಡೆ.

ಮನೆಗೆ ಬಂದಾಗ ಅಪ್ಪ ಜಗುಲಿಯ ಮೇಲಿದ್ದರು. ಮೊದಲು ನೋಡಿದ್ದು ನನ್ನ ಹಣೆಯನ್ನು.

"ಈಬತ್ತಿ ಎಲ್ಲೇ?"

ತೊಳೆದುಕೊಂಡೆ ಎಂದರೆ ಯಾಕೆ ಎನ್ನುತ್ತಾರೆ. ಅತ್ತೆ ಎಂದರೆ ಯಾಕೆ ಎನ್ನುತ್ತಾರೆ. ಆಮೇಲೆ ಕಾರ್ಡು — ಆಮೇಲೆ ಆ ಎರಡು ಮಾತು.

"ಸಿಸ್ಟರ್ ಒರೆಸ್ಕೋ ಅಂದ್ರು."

"ಯಾವ ಸಿಸ್ಟರು?"

"ಲೆಕ್ಕದೋರು."

ಅಪ್ಪ ಜಗುಲಿಯಿಂದ ಎದ್ದರು. ಅಂಗಿ ಹಾಕಿಕೊಂಡು ಪೇಟೆಗೆ ಹೊರಟರು. ಮೆಟ್ಟಿಲಿಳಿಯುವಾಗ ನಾನು ಕಾರ್ಡು ಚಾಚಿದೆ. ಗೋಡೆಗಿಟ್ಟು, ಒಳಗೆ ನೋಡದೆಯೇ ಸಹಿ ಹಾಕಿ ಕೊಟ್ಟರು. ಒಂದು ಗಳಿಗೆ ನಾನು ಗೆದ್ದೆ ಎಂದುಕೊಂಡೆ. ಇದನ್ನೂ ಬಚ್ಚಿಡುವುದಿಲ್ಲ.

ಮಾರನೆಯ ದಿನ ಮೂರನೇ ಪಿರಿಯಡ್ಡಿಗೆ ಶಾಲೆಯ ವರಾಂಡದಲ್ಲಿ ಹನ್ನೆರಡು ಹದಿಮೂರು ಗಂಡಸರು ನಿಂತಿದ್ದರು. ನನ್ನನ್ನು ಕರೆಸಿದರು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕುರ್ಚಿಯಲ್ಲಿ, ಸಿಸ್ಟರ್ ಬೆನೆಡಿಕ್ಟಾ ಗೋಡೆಯ ಪಕ್ಕ, ಅಪ್ಪ ನನ್ನ ಹಿಂದೆ. ಅಪ್ಪನ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು.

ಸಿಸ್ಟರ್ ಬೆನೆಡಿಕ್ಟಾ ಮೆಲ್ಲನೆ ಕೇಳಿದರು: "ಹೆದರುವುದು ಬೇಡ. ನಾನು ಎಂತ ಹೇಳಿದೆ, ಅದನ್ನೇ ಹೇಳು."

ನಿಜ ಹೇಳಲು ಅದಕ್ಕಿಂತ ಸುಲಭದ ಗಳಿಗೆ ನನಗೆ ಮತ್ತೆ ಸಿಗಲಿಲ್ಲ. ನಾನು ನೆಲ ನೋಡುತ್ತ, "ಒರೆಸ್ಕೋ ಅಂದ್ರಿ" ಎಂದೆ.

ಅವರು ನನ್ನನ್ನೇ ನೋಡಿದರು. ಹದಿನೇಳು ಅಂಕ ಹಾಕಿದವರು ಅವರೇ. ಕಾರ್ಡಿಗೆ ಸಹಿಯಾಗಿ ಬಂದದ್ದನ್ನು ಬೆಳಿಗ್ಗೆ ಕಂಡವರೂ ಅವರೇ. ಆ ಕ್ಷಣದಲ್ಲೇ ಅವರಿಗೆ ಎಲ್ಲ ತಿಳಿಯಿತು — ತಿಳಿಯಿತೆಂದು ನನಗೂ ತಿಳಿಯಿತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಹೇಳಿದ್ದು, "ಮಗು ತುಂಬ ಹೆದರಿದ್ದಾಳೆ. ಕ್ಲಾಸಿಗೆ ಕಳುಹಿಸಿ."

ವರಾಂಡದ ಮಾತು ಕ್ಲಾಸಿಗೆ ಕೇಳಿಸಿತ್ತು; ಬೆಂಚಿಗೆ ಬಂದು ಕೂತಾಗ ಗೌರಮ್ಮ ಪಿಸುಗುಟ್ಟಿದಳು. "ಯಾವಾಗ ಅಂದ್ರೇ? ನಾನು ಪಕ್ದಲ್ಲೇ ಕೂತಿದ್ನಲ್ಲೇ."

"ನೀನಿಲ್ದಾಗ ಕಣೇ" ಎಂದೆ. ಲೆಕ್ಕದ ಕ್ಲಾಸಿನಲ್ಲಿ ಅವಳು ನನ್ನ ಪಕ್ಕ ಬಿಟ್ಟು ಇದ್ದದ್ದೇ ಇಲ್ಲ. ಅದು ಅವಳಿಗೂ ಗೊತ್ತು.

ಅವತ್ತಿನಿಂದ ನನ್ನ ಹೆದರಿಕೆಯೆಲ್ಲ ಗೌರಮ್ಮನ ಮೇಲೆ ತಿರುಗಿತು. ಅವಳು ಯಾರ ಜೊತೆ ಮಾತಾಡಿದರೂ ನನ್ನ ಕಿವಿ ಅಲ್ಲೇ ಇರುತ್ತಿತ್ತು. ಸ್ಟಾಫ್ ರೂಮಿನ ಕಡೆ ಹೋದರೆ ಹಿಂದೆಯೇ ಹೋಗಿ ಬಾಗಿಲ ಬಳಿ ನಿಲ್ಲುತ್ತಿದ್ದೆ. ಬುತ್ತಿಯನ್ನು ಅರ್ಧಕ್ಕೇ ಮುಚ್ಚಿಡುತ್ತಿದ್ದೆ.

ಅಷ್ಟರಲ್ಲಿ ಮಾತು ಹಳ್ಳಿಗಳಿಗೂ ಹಬ್ಬಿತ್ತು. ನಾಲ್ಕನೆಯ ದಿನ ಗೌರಮ್ಮನ ಅಪ್ಪ ಬಂದು ಅವಳ ಟೀಸಿ ತೆಗೆಸಿಕೊಂಡರು. ಹೊರಡುವಾಗ ಅವಳು ತನ್ನ ಜಾಮಿಟ್ರಿ ಬಾಕ್ಸನ್ನು ನನ್ನ ಮುಂದಿಟ್ಟು, "ನಂಗಿನ್ನೇನಕ್ಕೆ, ನೀನು ಇಟ್ಕೋ" ಎಂದಳು. ಕಣ್ಣು ಕೆಂಪಾಗಿತ್ತು. ನಾನು ನಿಮಗೆ ಹೇಳಬೇಕಾದ ನಿಜವಾದ ತಪ್ಪು ಇಲ್ಲಿದೆ — ಆ ಸುಳ್ಳಲ್ಲ. ಅವಳ ಬಸ್ಸು ಹೋದದ್ದನ್ನು ಕಂಡಾಗ ನನಗೆ ದುಃಖವಾಗಲಿಲ್ಲ. ಸಮಾಧಾನವಾಯಿತು. ಆ ರಾತ್ರಿ ಹೊಟ್ಟೆ ತುಂಬ ಉಂಡೆ.

ಗೌರಮ್ಮನ ಹಿಂದೆ ಇನ್ನೂ ಮೂವರು ಹೋದರು. ತಿಂಗಳೊಳಗೆ ಸಿಸ್ಟರ್ ಬೆನೆಡಿಕ್ಟಾ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಅವರು ಹೋದದ್ದರಿಂದ ಅಪ್ಪ ತಾನು ಗೆದ್ದೆ ಎಂದುಕೊಂಡರು. ಹಾಗಾಗಿ ನನ್ನನ್ನು ಬಿಡಿಸಲಿಲ್ಲ. ಉಳಿದ ಹದಿನೈದು ಜನಕ್ಕೆ ಪರೀಕ್ಷೆಯವರೆಗೂ ಲೆಕ್ಕಕ್ಕೆ ಸರಿಯಾದ ಟೀಚರ್ ಇರಲಿಲ್ಲ. ಆರು ಜನ ಲೆಕ್ಕದಲ್ಲೇ ಫೇಲಾದರು. ನಾನು ಅಂಚಿನಲ್ಲಿ ಪಾಸಾದೆ, ಕಾಲೇಜಿಗೆ ಹೋದೆ, ಕನ್ನಡ ಟೀಚರಾಗಿ ನಿವೃತ್ತಳಾದೆ.

ಶಾಲೆ ಹೇಗೋ ಉಳಿಯಿತು, ದೊಡ್ಡದೂ ಆಯಿತು. ಈ ವರ್ಷ ಸ್ಮರಣ ಸಂಚಿಕೆಗೆ ಶಾಲೆಯ ಚರಿತ್ರೆ ಬರೆದುಕೊಡಿ ಎಂದು ಈಗಿನ ಸಿಸ್ಟರ್‌ಗಳು ಮೊದಲ ಬ್ಯಾಚಿನವಳಾದ ನನ್ನನ್ನೇ ಕೇಳಿದರು. ಬರೆದೆ. "ಕಾರಣಾಂತರಗಳಿಂದ ಸಿಸ್ಟರ್ ಬೆನೆಡಿಕ್ಟಾ ವರ್ಗಾವಣೆಗೊಂಡರು" ಎಂದು ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ವಿಚಾರಿಸಿದಾಗ, ಅವರು ತೀರಿಕೊಂಡು ಬಹಳ ವರ್ಷವಾಯಿತೆಂದು ತಿಳಿಯಿತು.

ಗೌರಮ್ಮ ಇದ್ದಳು. ಹೋದ ಭಾನುವಾರ ಬಿಳಿಗೆರೆಗೆ ಹೋದೆ. ಬಸ್ಸಿಳಿದು ಎರಡು ಸಲ ವಾಪಸು ತಿರುಗಿದೆ. ಅವಳ ಮನೆಯ ಅಂಗಳದಲ್ಲಿ, ನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡೇ, ಎಲ್ಲ ಹೇಳಿದೆ. ಅವಳು ಅಡ್ಡಮಾತಾಡದೆ ಕೇಳಿದಳು.

"ನಂಗೊತ್ತಿತ್ತು ಕಣೇ. ಅವತ್ತೇ ನಿನ್ನ ಕಣ್ತಪ್ಪಿಸಿ ಸಿಸ್ಟರ್ ಹತ್ರ ಹೋಗಿ ಹೇಳಿದ್ದೆ, ಅವಳು ಸುಳ್ಳು ಹೇಳ್ತಾವ್ಳೆ ಅಂತ. ಅವ್ರು ಏನಂದ್ರು ಗೊತ್ತಾ? ಯಾರ ಹತ್ರವೂ ಹೇಳಬೇಡ, ಅವಳ ಅಪ್ಪ ಅವಳನ್ನ ಶಾಲೆ ಬಿಡಿಸಿಬಿಡ್ತಾರೆ ಅಂದ್ರು. ಮಾತು ಕೊಟ್ಟಿದ್ದೆ."

"ನಿಮ್ಮಪ್ಪಂಗೂ ಹೇಳ್ಲಿಲ್ವಾ?"

"ಇಲ್ಲ. ಮಾತು ಕೊಟ್ಟಿದ್ನಲ್ಲ." ನನ್ನ ಕೈಯ ಲೋಟ ತೆಗೆದುಕೊಂಡು ಅಂದಳು, "ನೀನು ಬಂದು ಹೇಳ್ತೀಯ ಅಂದ್ಕೊಂಡಿದ್ದೆ. ಆ ವರ್ಷ ಪರೀಕ್ಷೆ ಮುಗಿಯೋವರ್ಗೂ ಕಾದೆ. ಆಮೇಲೆ ಬುಟ್ಬುಟ್ಟೆ."

ಮನೆಗೆ ಬಂದು ಆ ಪುಟವನ್ನು ಹೊಡೆದುಹಾಕಿ, ನಡೆದದ್ದನ್ನು ನಡೆದಂತೆ, ನನ್ನ ಹೆಸರಿನ ಸಮೇತ ಬರೆದಿದ್ದೇನೆ. ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ ಕೊಡುತ್ತೇನೆ. ಹೆದರಿಕೆ ಈಗಲೂ ಇದೆ. ಇರಲಿ.